ಅತ್ತೆಯನ್ನು ಕದ್ದವನು

ಮನುಷ್ಯರಿಗೆಲ್ಲ ಭಯ ಹಂಚುತ್ತ ಬಂದ ದೇವರು ಚಿಸಾಲೆ ಊರಿನ ಚಿಲೆಕ್ವನ ಮುಂದೆ ನಿಂತಾಗ ಹಿಂದಿನಿಂದ ಯಾರೋ ಕೂಗಿರಬೇಕು. ದೇವರು ತಿರುಗಿ ನೋಡಿದ. ಸುರಿಯುತ್ತಿದ್ದ ಕೈ ಸುರಿಯುತ್ತಲೇ ಇತ್ತು. ಹಾಗೆ ಬಿದ್ದ ರಾಶಿಯನ್ನು ಚಿಲೆಕ್ವ ಒಂದು ಹಿಡಿಯೂ ಪೋಲು ಮಾಡದೆ ತಲೆ ನರೆಯುವವರೆಗೆ ಜೋಪಾನ ಮಾಡಿಕೊಂಡು ಬಂದಿದ್ದ. ಗುಡುಗಿಗೆ ಹೆದರುತ್ತಿದ್ದ, ಗೂಬೆಗೆ ಹೆದರುತ್ತಿದ್ದ, ಹೈಸ್ಕೂಲಿನ ಉಗ್ರಾಣ ನೋಡಿಕೊಳ್ಳುವ ಕೆಲಸವಾದ್ದರಿಂದ ಹೆಡ್ಮಾಸ್ತರಿಗೂ ಹೆದರುತ್ತಿದ್ದ. ಆದರೆ ಇವೆಲ್ಲ ಚಿಲ್ಲರೆ. ಇಡಿಗಂಟಾಗಿ ಅವನು ಹೆದರುತ್ತಿದ್ದದ್ದು ಪೊಲೀಸರಿಗೆ ಮತ್ತು ಅತ್ತೆಗೆ.

ಪೊಲೀಸರಿಗೆ ಯಾಕೆ ಹೆದರಬೇಕೆಂದು ಯಾರೂ ಕೇಳುವುದಿಲ್ಲ. ಅತ್ತೆಯ ವಿಷಯ ಮಾತ್ರ ನಾಲ್ಕು ಮಾತು ಹೇಳಬೇಕು. ಬೆಂಬಾ ಜನರಲ್ಲಿ ಅಳಿಯನಾದವನು ಅತ್ತೆಯ ಮುಖ ನೋಡಬಾರದು, ಹೆಸರೆತ್ತಬಾರದು, ಎದುರಿಗೆ ಬಂದರೆ ದಾರಿ ಬಿಟ್ಟು ಹುಲ್ಲಿಗೆ ಇಳಿಯಬೇಕು. ಒಟ್ಟಿಗೆ ಕೂತು ಉಣ್ಣುವ ಮಾತಂತೂ ಇಲ್ಲವೇ ಇಲ್ಲ. ಇದು ಹಗೆಯಲ್ಲ, ಗೌರವ. ಮುಂದೊಂದು ದಿನ ಹೆಣ್ಣಿನ ಕಡೆಯವರಿಗೆ ಈ ಮನುಷ್ಯ ಪರವಾಗಿಲ್ಲ ಅನ್ನಿಸಿದಾಗ ಒಳಗೆ ಕರೆಯುವ ಶಾಸ್ತ್ರ ಮಾಡುತ್ತಾರೆ. ಬಗೆಬಗೆಯ ಅಡುಗೆ ಮಾಡಿ ಅಳಿಯನನ್ನು ಕೂರಿಸುತ್ತಾರೆ; ಅತ್ತೆ ಅವನ ಜೊತೆ ಒಂದೇ ತಟ್ಟೆಯಲ್ಲಿ ತುತ್ತು ಮುರಿಯುತ್ತಾಳೆ. ಅಂದಿನಿಂದ ಅವನು ಮನೆಯವನು. ಕೆಲವರಿಗೆ ಮದುವೆಯಾದ ಎರಡು ಮೂರು ಸುಗ್ಗಿಗೇ ಈ ಭಾಗ್ಯ ಕೂಡಿಬರುತ್ತದೆ. ಚಿಲೆಕ್ವನಿಗೆ ಮಗ ಕಲುಬ ಮೀಸೆ ತಿರುವಿ ತಾಮ್ರದ ಗಣಿಗೆ ಕೆಲಸಕ್ಕೆ ಹೋದರೂ ಬಂದಿರಲಿಲ್ಲ. ಹೆಂಡತಿಯ ಸೋದರಮಾವ ಆ ಮನೆಗೆ ಹಿರಿಯ. ಅವನು ಪ್ರತಿ ವರ್ಷವೂ "ಇನ್ನೊಂದು ವರ್ಷ ನೋಡೋಣ" ಅನ್ನುತ್ತಿದ್ದ. ನೋಡಿ ನೋಡಿ ಅವನ ಕಣ್ಣಿಗೇ ಪೊರೆ ಬಂತು. ಆಮೇಲೆ, ಕಾಣದಿದ್ದರೆ ದೋಷವೂ ಕಾಣುವುದಿಲ್ಲವೆಂದೋ ಏನೋ, ಒಪ್ಪಿಕೊಂಡ. ಬರುವ ಶನಿವಾರ ಶಾಸ್ತ್ರವೆಂದು ಗೊತ್ತಾಯಿತು.

ಆ ವಾರದ ಸೋಮವಾರವೇ ಅತ್ತೆ ಮಂಡಿನೋವಿನ ಔಷಧಿಗೆಂದು ಚಿಸಾಲೆಗೆ ಬಂದಿದ್ದಳು. ವಾಪಸು ಹೋಗುವ ಬಸ್ಸು ಕೆಟ್ಟು ನಿಂತಿತು.

"ನೀವೇ ಬಿಟ್ಟುಬನ್ನಿ ಕಲುಬನಪ್ಪ," ಎಂದಳು ಹೆಂಡತಿ ಕತೊಂಗೊ.

ಚಿಲೆಕ್ವನ ಹತ್ತಿರ ಹಳೆಯ ಬಿಳಿ ಕಾರೊಂದಿತ್ತು. ಅದರಲ್ಲಿ ಅವನು ಹೋಗುವುದನ್ನು ನೋಡಿದವರು ಕಾರು ಮುಂದಕ್ಕೆ ಹೋಗುತ್ತಿದೆಯೋ ಹಿಂದಕ್ಕೆ ಬರುತ್ತಿದೆಯೋ ಎಂದು ಸ್ವಲ್ಪ ಹೊತ್ತು ನಿಂತು ತೀರ್ಮಾನಿಸುತ್ತಿದ್ದರು. ಅತ್ತೆಯನ್ನು ಕೂರಿಸಿಕೊಂಡು ಹೋಗಬೇಕಾದಾಗಲೆಲ್ಲ ಕತೊಂಗೊ ಮುಂದೆ ಕೂತು ಆಚೆಯ ಮಾತು ಈಚೆಗೆ, ಈಚೆಯ ಮಾತು ಆಚೆಗೆ ದಾಟಿಸುತ್ತಿದ್ದಳು. ಇಂದು ಪಕ್ಕದ ಬೀದಿಯಲ್ಲಿ ಸಾವಾಗಿತ್ತು; ಪ್ರಾರ್ಥನಾ ಮಂದಿರದ ಹೆಂಗಸರು ಅಡುಗೆಗೆಂದು ಅವಳನ್ನು ಕರೆದಿದ್ದರು.

"ನಾನು, ಅವರು, ಒಂದೇ ಗಾಡೀಲಿ? ಮಧ್ಯೆ ಯಾರೂ ಇಲ್ದೆ?"

"ಮಧ್ಯೆ ಕೋಳಿ ಇದೆಯಲ್ಲ," ಎಂದಳು ಕತೊಂಗೊ. ಅತ್ತೆ ಸಂತೆಯಲ್ಲಿ ಒಂದು ಕೋಳಿ ಕೊಂಡಿದ್ದಳು.

ಚಿಲೆಕ್ವ ಹಿಂದಿನದನ್ನು ತೋರಿಸುವ ಕನ್ನಡಿಯನ್ನು ಗೌರವದಿಂದ ಚಾವಣಿಯ ಕಡೆ ತಿರುಗಿಸಿದ. ದೇವರ ಹೆಸರು ಹೇಳಿ ಹೊರಟ. ಕಾರು ಊರು ದಾಟಿತು. ಆಮೇಲೆ ಹಿಂದಿನಿಂದ ಅತ್ತೆಯ ದನಿ ಕೇಳಿತು.

"ಕೋಳಿ, ಈ ಗಾಡೀಲಿ ಸೆಕೆ."

ಚಿಲೆಕ್ವ ಕಿಟಕಿಯ ಗಾಜು ಇಳಿಸಿದ. ಗಾಳಿ ನುಗ್ಗಿತು.

"ಕೋಳಿ, ಈಗ ಧೂಳು."

ಅರ್ಧ ಏರಿಸಿದ. ಅರ್ಧ ಏರಿಸಿದರೆ ಧೂಳೂ ಬರುತ್ತದೆ, ಸೆಕೆಯೂ ಆಗುತ್ತದೆ. ಕೋಳಿಗೆ ಎರಡನ್ನೂ ತಿಳಿಸಲಾಯಿತು. ಅವನ ಬೆನ್ನ ಮೇಲೆ ಬೆವರು ಹರಿಯತೊಡಗಿತು. ಹೆದರಿದಾಗ ಕೆಲವರು ನಿಂತುಬಿಡುತ್ತಾರೆ, ಕೆಲವರು ಓಡುತ್ತಾರೆ. ಚಿಲೆಕ್ವ ಕೂತಲ್ಲೇ ಓಡಿದ. ಈ ಪ್ರಯಾಣ ಬೇಗ ಮುಗಿಯಲಿ ಎಂದು ಮನಸ್ಸು ಪ್ರಾರ್ಥಿಸಿತು. ಬಲಗಾಲು ಆ ಪ್ರಾರ್ಥನೆಯನ್ನು ತಾನೇ ನಡೆಸಿಕೊಟ್ಟಿತು. ಮರಗಳು, ಇದ್ದಿಲು ಮಾರುವವರು, ಅವರ ಮೂಟೆಗಳು, ಎಲ್ಲ ಹಿಂದಕ್ಕೆ ಹಾರಿಹೋದವು. ಕೋಳಿ ಕೂಡ ಸುಮ್ಮನಾಯಿತು.

ತಿರುವಿನಲ್ಲಿ ಒಬ್ಬ ದಫೇದಾರ ಕೈಯಲ್ಲಿ ವೇಗ ಅಳೆಯುವ ಯಂತ್ರ ಹಿಡಿದು ನಿಂತಿದ್ದ. ಎತ್ತರದ ಆಳು. ಮುಖ ಒಳ್ಳೆಯ ಮರದಲ್ಲಿ ಕೆತ್ತಿದ ಹಾಗಿತ್ತು. ಕೆತ್ತಿದವನು ನಗು ಇಡುವುದನ್ನು ಮರೆತಿದ್ದ. ಕೈ ಅಡ್ಡ ಹಿಡಿದ. ಚಿಲೆಕ್ವನ ಕಾರು ನಿಂತಿತು, ಎದೆ ನಿಲ್ಲಲಿಲ್ಲ.

"ಅರವತ್ತರ ಜಾಗದಲ್ಲಿ ಎಂಬತ್ತೊಂದು," ಎಂದ ದಫೇದಾರ.

"ಎಂಬತ್ತೊಂದು ಏನು ಸ್ವಾಮಿ?"

"ನಿನ್ನ ವಯಸ್ಸಲ್ಲ. ವೇಗ. ಹೆಸರೇನು?"

"ಚಿಲೆಕ್ವ, ಸ್ವಾಮಿ."

"ಬೆಂಬಾನಾ?"

"ಹೌದು ಸ್ವಾಮಿ, ತಪ್ಪಾಯ್ತು."

"ನಾನು ಮಸೇಕೊ. ಎಂಗೋನಿ. ಅಂದ್ಮೇಲೆ ನೀನು ನನ್ನ ಗುಲಾಮ. ನಿಮ್ಮಜ್ಜ ನಮ್ಮಜ್ಜನ ಚಾಪೆ ಹೊರ್ತಿದ್ದ. ಮಂಗ ತಿನ್ನೋರ ಕೈಗೆ ಗಾಡಿ ಕೊಟ್ಟೋರು ಯಾರು?"

ಬೆಂಬಾದವರಿಗೂ ಎಂಗೋನಿಯವರಿಗೂ ಗೇಲಿಯ ನಂಟು. ಅವರ ಹಿರಿಯರು ಈಟಿ ಎಸೆದುಕೊಂಡಿದ್ದರು. ಇವರು ಮಾತು ಎಸೆದುಕೊಳ್ಳುತ್ತಾರೆ. ಅವರು ಇವರನ್ನು ಮಂಗ ತಿನ್ನೋರು ಅನ್ನಬೇಕು, ಇವರು ಅವರನ್ನು ಇಲಿ ತಿನ್ನೋರು ಅನ್ನಬೇಕು, ಯಾರೂ ಸಿಟ್ಟಾಗಬಾರದು. ಬೇರೆ ಯಾವ ಬೆಂಬಾದವನಾದರೂ "ಎಲವೋ ಇಲಿಗಳ ಯಮ" ಎಂದು ಕೈ ಕುಲುಕಿ, ನಕ್ಕು, ದಂಡ ಕಟ್ಟಿ ಹೋಗಿರುತ್ತಿದ್ದ. ಚಿಲೆಕ್ವನ ಕಿವಿಯಲ್ಲಿ ಮಾತ್ರ ಆಗ ತನ್ನದೇ ರಕ್ತ ಹರಿಯುವ ಸದ್ದು.

ದಫೇದಾರ ಮಸೇಕೊ ಅದೇ ದನಿಯಲ್ಲಿ, ಅದೇ ಮುಖದಲ್ಲಿ, ಬರೆಯುತ್ತಲೇ ಮುಂದುವರಿಸಿದ. "ತಪ್ಪು ಒಪ್ಕೊಂಡು ಶುಕ್ರವಾರದೊಳಗೆ ಠಾಣೇಲಿ ದಂಡ ಕಟ್ಟು, ಇಲ್ಲಾ ಕೋರ್ಟಿಗೆ ಹೋಗು. ಬರೋವಾಗ ಕಂಬಳಿ ತಾ. ನಮ್ಮಮ್ಮನಿಗೆ ಸೌದೆ ಒಡೆಯೋಕೆ ಒಬ್ಬ ಗುಲಾಮ ಬೇಕು. ಏಳು ವರ್ಷ ಒಡೆದ್ರೆ ಸಾಕು. ನಿನ್ನ ಹೆಂಡತೀನ ನಾನು ನೋಡ್ಕೋತೀನಿ." ಆಮೇಲೆ ಹಿಂದಿನ ಕಿಟಕಿಗೆ ಬಗ್ಗಿದ. "ಈ ಅಜ್ಜಿ ಯಾರು?"

ಚಿಲೆಕ್ವ ಸ್ಟೀರಿಂಗನ್ನೇ ನೋಡುತ್ತ ಕೂತ. ಹೆಸರು ಹೇಳುವಂತಿಲ್ಲ, ತಿರುಗಿ ನೋಡುವಂತಿಲ್ಲ.

"ಅವರು... ಕೋಳಿ ಕಡೆಯವರು ಸ್ವಾಮಿ."

"ಕೋಳಿ ಯಾರ ಕಡೇದು?"

"ಅವರ ಕಡೇದು."

"ಅಮ್ಮಾ, ಈ ಮಂಗ ತಿನ್ನೋನು ನಿಮಗೇನಾಗ್ಬೇಕು?"

ಅತ್ತೆಗೂ ಅಷ್ಟೇ ಕಟ್ಟು. ಅವಳು ಮುಖ ಆಚೆ ತಿರುಗಿಸಿ, "ಕೋಳಿ, ಕೆಲವು ಪ್ರಶ್ನೆಗೆ ಉತ್ತರ ಕೊಡೋ ಹಾಗಿಲ್ಲ," ಎಂದಳು.

ಮಸೇಕೊಗೆ ಅಲ್ಲಿಗೇ ಎಲ್ಲ ತಿಳಿಯಿತು. ಬೆಂಬಾ ನಾಡಿನಲ್ಲಿ ಅವನು ಹಲವು ವರ್ಷ ಕೆಲಸ ಮಾಡಿದವನು. ಆದರೆ ಇಂಥ ಅವಕಾಶವನ್ನು ಬಿಟ್ಟುಕೊಟ್ಟರೆ ಸತ್ತ ಮೇಲೆ ಅವನ ಹಿರಿಯರು ಕೇಳದೆ ಇರುತ್ತಾರೆಯೇ? "ಮಂಗ ತಿನ್ನೋರು ಹಸು ಕದೀತಾರೆ ಅಂತ ಕೇಳಿದ್ದೆ. ಮುದುಕೀರನ್ನೂ ಬಿಡಲ್ಲ ಅಂತ ಗೊತ್ತಿರ್ಲಿಲ್ಲ. ಅದನ್ನೂ ಬರ್ದಿದ್ದೀನಿ," ಎಂದು ಚೀಟಿ ಹರಿದು ಕೊಟ್ಟ.

ಅಲ್ಲಿಂದ ಮುಂದೆ ಚಿಲೆಕ್ವ ಹೇಗೆ ಹೋದನೆಂದರೆ, ಸ್ವಲ್ಪ ದೂರದ ಮೇಲೆ ಅತ್ತೆ, "ಕೋಳಿ, ನಾವಿಬ್ಬರೂ ಇಳಿದು ನಡೆಯೋಣವಾ?" ಎಂದು ವಿಚಾರಿಸಿದಳು.

ಮನೆಗೆ ಬಂದು ವಿಷಯ ಹೇಳಿದಾಗ ಕತೊಂಗೊ ಒರಳನ್ನು ಹಿಡಿದುಕೊಂಡು ನಕ್ಕಳು.

"ಯಾರು, ನೀವಾ? ವೇಗಕ್ಕಾ?"

ಅಕ್ಕಪಕ್ಕದವರು ಬಂದರು. ಅವರು ಮರುಕಪಟ್ಟಿದ್ದರೆ ಚಿಲೆಕ್ವನಿಗೆ ಸಮಾಧಾನವಾಗುತ್ತಿತ್ತು. ಅವರು ಅಭಿನಂದಿಸಿದರು. ದರ್ಜಿಯವನು ಅವನ ಬೆನ್ನು ತಟ್ಟಿ, "ನಮ್ಮ ಬೀದಿಗೆ ಒಂದು ಹೆಸರು ಬಂತು," ಎಂದ. ಬಾವಿಕಟ್ಟೆ ಮುಟ್ಟುವಷ್ಟರಲ್ಲಿ ಎಂಬತ್ತೊಂದು ನೂರ ಹತ್ತಾಗಿತ್ತು. ಸಂತೆ ಮುಟ್ಟುವಷ್ಟರಲ್ಲಿ ಪೊಲೀಸರು ಅಟ್ಟಿಸಿಕೊಂಡು ಬಂದರೂ ಸಿಕ್ಕಿರಲಿಲ್ಲವಂತೆ. ಚಿಲೆಕ್ವ ಒಳಗೆ ಕೂತು ಕಂಬಳಿ ಮಡಚುತ್ತಿದ್ದ.

"ಅದ್ಯಾಕೆ ಮಡಚ್ತೀರಿ? ಹೋಗಿ ದಂಡ ಕಟ್ಟಿ ಬನ್ನಿ."

"ಕಟ್ಟಿದ್ರೆ ತಪ್ಪು ಒಪ್ಕೊಂಡ ಹಾಗೆ ಕಲುಬನಮ್ಮ. ಒಪ್ಕೊಂಡ್ರೆ ಅಪರಾಧಿ. ಅಪರಾಧೀನ ನಿಮ್ಮ ಸೋದರಮಾವ ಒಳಗೆ ಕರೀತಾರಾ?"

ಕತೊಂಗೊ ನಗು ನಿಲ್ಲಿಸಿದಳು. "ಈ ಶನಿವಾರ ತಪ್ಪಿದ್ರೆ ಆ ಮುದುಕ ಇನ್ನೊಂದು ವರ್ಷ ನೋಡೋಣ ಅಂತಾನೆ," ಎಂದಳು ಮೆಲ್ಲಗೆ. "ಅಮ್ಮ ಇನ್ನೊಂದು ವರ್ಷ ನೋಡ್ತಾಳೋ ಇಲ್ವೋ. ನೀವಿಬ್ರೂ ಒಂದು ತಟ್ಟೇಲಿ ಉಣ್ಣೋದನ್ನ ನಾನು ನೋಡ್ಬೇಕು ಕಲುಬನಪ್ಪ. ಏನಾದ್ರೂ ಮಾಡಿ."

ಅಡುಗೆಯ ಸಿದ್ಧತೆಗೆಂದು ಅವಳು ಬುಧವಾರ ತವರಿಗೆ ಹೊರಟುಹೋದಳು. ಏನಾದರೂ ಮಾಡುವ ಭಾರ ಚಿಲೆಕ್ವನ ಮೇಲೆ ಬಿತ್ತು. ಅವನು ಅದನ್ನು ಎತ್ತಿಕೊಂಡು ಹೋಗಿ ಪಕ್ಕದ ಮನೆಯ ಕಸೋಮನ ಜಗಲಿಯ ಮೇಲೆ ಇಳಿಸಿದ.

ಕಸೋಮ ಬಸ್ ಕಂಡಕ್ಟರಾಗಿದ್ದು ನಿವೃತ್ತನಾದವನು. ಊರೂರು ಸುತ್ತಿದ್ದರಿಂದ ತನಗೆ ತಿಳಿಯದ ಸಂಗತಿ ಇಲ್ಲವೆಂದು ನಂಬಿದ್ದ. ಸಲಹೆಗೆ ಹಣ ಕೇಳುತ್ತಿರಲಿಲ್ಲ, ಅದೊಂದೇ ಅದರ ಗುಣ.

"ದಫೇದಾರ ಎಂಗೋನಿ ಅಂದ್ಯಲ್ಲ. ನಿನ್ನನ್ನ ಗುಲಾಮ ಅಂದ್ನಾ?"

"ಅಂದ."

"ಮಂಗ ತಿನ್ನೋನು ಅಂದ್ನಾ?"

"ಅಂದ."

"ಯಾವ ಮಾತಿಗೆ ನಕ್ಕ?"

"ಯಾವುದಕ್ಕೂ ನಗಲಿಲ್ಲ."

ಕಸೋಮ ತೊಡೆ ತಟ್ಟಿದ. "ಹಾಗಾದ್ರೆ ಎಲ್ಲಾ ತಮಾಷೆನೇ. ಗೇಲಿ ಮಾಡೋವಾಗ ನಗೋನು ಎಂಗೋನಿನೇ ಅಲ್ಲ."

"ಚೀಟಿ ಕೊಟ್ಟಿದ್ದಾನಲ್ಲಣ್ಣ."

"ಚೀಟಿನೂ ತಮಾಷೆ. ನಮ್ಮ ಚಿಕ್ಕಪ್ಪನ ಮಣ್ಣಿಗೆ ಬಂದ ಎಂಗೋನಿ ಒಬ್ಬ ಗುಂಡಿ ಒಳಗೆ ಹೋಗಿ ಮಲ್ಕೊಂಡುಬಿಟ್ಟ. ಹೊಗೆಸೊಪ್ಪು ಕೊಡೋ ತನಕ ಎದ್ದೇಳಲಿಲ್ಲ. ಚಿಕ್ಕಪ್ಪ ಪೆಟ್ಟಿಗೇಲಿ ಕಾಯ್ತಾ ಇದ್ದ. ಅಂಥವರಿಗೆ ಒಂದು ಚೀಟಿ ಬರೆಯೋದು ಹೆಚ್ಚಾ? ಅವನು ನಿನ್ನ ಉತ್ತರಕ್ಕೆ ಕಾಯ್ತಿದ್ದಾನೆ ಕಣಯ್ಯ. ಇಲಿ ತಗೊಂಡ್ಹೋಗು."

"ಇಲಿ?"

"ಹುರಿದ ಇಲಿ. ತಟ್ಟೇಲಿ ಮುಚ್ಚಿ ತಗೊಂಡ್ಹೋಗಿ ಮೇಜಿನ ಮೇಲೆ ಇಟ್ಟು, ನಾಲ್ಕು ಮಾತು ಬೈದು ಬಾ. ಅವನು ಹೊಟ್ಟೆ ತುಂಬ ನಕ್ಕು ಚೀಟಿ ಹರಿದುಹಾಕ್ತಾನೆ. ಬೈಗುಳ ನಾನು ಹೇಳಿಕೊಡ್ತೀನಿ."

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆಯಂತೆ. ಚಿಲೆಕ್ವ ಹಿಡಿದದ್ದು ಇಲಿಯ ಬಾಲ.

ಸಂತೆಯ ಹಿಂಭಾಗದಲ್ಲಿ ಪೂರ್ವ ಸೀಮೆಯ ಹೆಂಗಸೊಬ್ಬಳು ಹೊಲದ ಇಲಿಗಳನ್ನು ಉಪ್ಪು ಹಾಕಿ ಬೇಯಿಸಿ ಒಣಗಿಸಿ ಹುರಿದು ಮಾರುತ್ತಿದ್ದಳು. ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು ಚಿಲೆಕ್ವ ಅವಳ ಮುಂದೆ ಕುಕ್ಕರಿಸಿದ.

"ತಿನ್ನೋಕಾ ಅಣ್ಣ?" ಎಂದಳು ಅವಳು.

"ಅಲ್ಲ ತಾಯಿ. ಪೊಲೀಸರಿಗೆ."

"ಈಗ ಅವರಿಗೆ ಇದನ್ನೂ ಕೊಡ್ಬೇಕಾ?" ಎಂದು ನಿಟ್ಟುಸಿರಿಟ್ಟು ಅವಳು ದಪ್ಪನೆಯವನ್ನೇ ಆರಿಸಿಕೊಟ್ಟಳು.

ಶುಕ್ರವಾರ ಬೆಳಿಗ್ಗೆ ಚಿಲೆಕ್ವ ಕಾರನ್ನು ಹೊರಗೆ ನಿಲ್ಲಿಸಿ, ಒಂದು ಕಂಕುಳಲ್ಲಿ ಕಂಬಳಿ, ಕೈಯಲ್ಲಿ ಮುಚ್ಚಿದ ತಟ್ಟೆ ಹಿಡಿದು ಠಾಣೆಯ ಮೆಟ್ಟಿಲು ಹತ್ತಿದ. ತಮಾಷೆಯಾದರೆ ತಟ್ಟೆ, ನಿಜವಾದರೆ ಕಂಬಳಿ. ಯಾವುದಕ್ಕೂ ಸಿದ್ಧನಾಗಿಯೇ ಹೋಗಿದ್ದ. ಒಂದೊಂದು ಮೆಟ್ಟಿಲಿಗೂ ತಟ್ಟೆಯೊಳಗೆ ಇಲಿಗಳು ಜೀವ ಬಂದಂತೆ ಓಡಾಡುತ್ತಿದ್ದವು. ಕಸೋಮ ಹೇಳಿಕೊಟ್ಟದ್ದು ಮರೆಯುವ ಮೊದಲೇ ಒಪ್ಪಿಸಿಬಿಡಬೇಕೆಂದು ಒಳಗೆ ನುಗ್ಗಿ, ಮೇಜಿನ ಮೇಲೆ ತಟ್ಟೆ ಇಟ್ಟು, ಮುಚ್ಚಳ ತೆಗೆದು, ಕಣ್ಣು ಬಿಗಿಯಾಗಿ ಮುಚ್ಚಿ ಒಂದೇ ಉಸಿರಿಗೆ ಹೇಳಿದ:

"ಇಲಿ ತಿನ್ನೋರೇ, ನನ್ನ ಗುಲಾಮರೇ, ನಿಮ್ಮ ಹಬ್ಬದ ಊಟ ತಂದಿದ್ದೀನಿ. ಬಾಲ ಬಿಡದೆ ತಿಂದು ನನ್ನ ಚೀಟಿ ಹರಿದುಹಾಕಿ."

ನಗು ಕೇಳಲಿಲ್ಲ. ಕಣ್ಣು ತೆರೆದ. ಮೇಜಿನಾಚೆ ಕೂತಿದ್ದದ್ದು ಮಸೇಕೊ ಅಲ್ಲ. ಸಮವಸ್ತ್ರದ ಹೆಂಗಸು, ಇಸ್ತ್ರಿಯ ಗೆರೆ ಎಷ್ಟು ಚೂಪಾಗಿತ್ತೆಂದರೆ ಅದರಲ್ಲಿ ತರಕಾರಿ ಹೆಚ್ಚಬಹುದಿತ್ತು. ಇನ್ಸ್‌ಪೆಕ್ಟರಮ್ಮ ಸಿಟಾಲಿ, ಪಶ್ಚಿಮದ ನೆರೆ ಬರುವ ಬಯಲಿನವಳು, ಮೀನು ತಿನ್ನುವ ಲೋಜಿ ಜನದವಳು. ವಾರದ ಹಿಂದೆಯಷ್ಟೇ ವರ್ಗವಾಗಿ ಬಂದಿದ್ದಳು. ಲೋಜಿಯವರ ಗೇಲಿಯ ನಂಟು ದಕ್ಷಿಣದ ತೊಂಗಾದವರ ಜೊತೆ. ಬೆಂಬಾದವರ ಜೊತೆ ಅವರಿಗೆ ನಂಟೂ ಇಲ್ಲ, ಗೇಲಿಯೂ ಇಲ್ಲ.

"ಯಾರನ್ನ ಗುಲಾಮರು ಅಂದದ್ದು?" ಎಂದಳು ಇನ್ಸ್‌ಪೆಕ್ಟರಮ್ಮ, ಶಾಂತವಾಗಿ.

ಪಕ್ಕದಲ್ಲಿದ್ದ ಪೇದೆ ತಟ್ಟೆಗೆ ಬಗ್ಗಿ ನೋಡಿದ. "ಮೇಡಂ, ಇದು ಲಂಚ."

"ಲಂಚ ಕೊಡೋನು ಬೈತಾನಾ? ಇದು ಅವಮಾನ."

"ಅವಮಾನಕ್ಕಾದ್ರೆ ಇಷ್ಟು ಚೆನ್ನಾಗಿ ಹುರೀತಿರ್ಲಿಲ್ಲ ಮೇಡಂ. ಚೀಟಿ ಹರೀರಿ ಅಂದ್ನಲ್ಲ, ಅಲ್ಲಿಗೆ ಲಂಚ."

"ಲಂಚ ಅಂದ್ರೆ ತಗೊಂಡೋನಿಗೆ ಲಾಭ ಆಗ್ಬೇಕು. ಇಲಿಯಿಂದ ನನಗೇನು ಲಾಭ?"

"ಲಾಭ ಆಗದ ಲಂಚ ಅಂತ ಬರೀಲಾ?"

ಚಿಲೆಕ್ವ ಸಹಾಯ ಮಾಡಬೇಕೆಂದುಕೊಂಡ. "ಯಾವುದಕ್ಕೆ ಕಡಿಮೆ ವರ್ಷನೋ ಅದನ್ನ ಬರ್ಕೊಳ್ಳಿ ಅಮ್ಮಾ. ಕಂಬಳಿ ತಂದಿದ್ದೀನಿ."

ಇನ್ಸ್‌ಪೆಕ್ಟರಮ್ಮ ಅವನ ಚೀಟಿಯ ಠಾಣೆಪ್ರತಿಯನ್ನು ತರಿಸಿದಳು. ಅದರ ಕೆಳಗೆ ಮಸೇಕೊ ತಮಾಷೆಗೆಂದು ಗೀಚಿದ್ದ ಸಾಲನ್ನು ಅವಳು ತಮಾಷೆಯಿಲ್ಲದೆ ಓದಿದಳು. "ಹಿಂದಿನ ಸೀಟಿನಲ್ಲಿ ಮುದುಕಿ, ಕದ್ದದ್ದಿರಬಹುದು, ಯಾರೆಂದು ಹೇಳುತ್ತಿಲ್ಲ."

"ಆ ಮುದುಕಿ ಈಗ ಎಲ್ಲಿದ್ದಾಳೆ?"

"ಮನೇಲಿ ಅಮ್ಮಾ."

"ಯಾರ ಮನೇಲಿ?"

"ಅವರದ್ದೇ."

"ಅವಳ ಹೆಸರು?"

"ಹೇಳೋ ಹಾಗಿಲ್ಲ ಅಮ್ಮಾ. ಹೇಳಿದ್ರೆ ಪಾಪ."

"ಹೇಳದಿದ್ರೆ ಲಾಕಪ್ಪು," ಎಂದಳು ಇನ್ಸ್‌ಪೆಕ್ಟರಮ್ಮ. "ಆ ಅಜ್ಜೀನ ನನ್ನ ಕಣ್ಣಿಗೆ ಜೀವಂತ ತೋರಿಸೋ ತನಕ ನೀನು ಆ ಬೆಂಚಿನಿಂದ ಏಳೋ ಹಾಗಿಲ್ಲ. ಹೆಂಡತಿ ಫೋನ್ ನಂಬರ್ ಕೊಡು."

ತವರಿನಲ್ಲಿ ಕತೊಂಗೊ ಕಡಲೆಬೀಜ ಕುಟ್ಟುತ್ತಿದ್ದಳು. ಫೋನು ಎತ್ತಿಕೊಂಡದ್ದು ಅತ್ತೆ.

"ಇಲ್ಲಿ ಒಬ್ಬ ಮುದುಕಿ ಕಾಣೆಯಾಗಿದ್ದಾಳೆ," ಎಂದ ಪೇದೆ. "ಸೋಮವಾರ ಬಿಳಿ ಕಾರಲ್ಲಿ ಯಾರೋ ಎತ್ತಾಕಿಕೊಂಡು ಹೋಗಿದ್ದಾರೆ. ನಿಮಗೇನಾದ್ರೂ ಗೊತ್ತಾ?"

"ಅಯ್ಯೋ ಪಾಪ," ಎಂದಳು ಅತ್ತೆ. "ಯಾರ ಹೆತ್ತಮ್ಮನೋ ಏನೋ. ದೇವರು ಅವಳನ್ನ ಕಾಪಾಡಲಿ ಮಗಾ." ಫೋನಿಟ್ಟು, ಅಡುಗೆಯ ಹೆಂಗಸರನ್ನೆಲ್ಲ ಸೇರಿಸಿ, ಕಳೆದುಹೋದ ಆ ಮುದುಕಿಗಾಗಿ ಪ್ರಾರ್ಥನೆ ಮಾಡಿಸಿದಳು. ಆಮೆನ್ ಅಂದ ಮೇಲೆ ಕತೊಂಗೊ ನಿಧಾನವಾಗಿ ಕೇಳಿದಳು, "ಅಮ್ಮಾ, ಬಿಳಿ ಕಾರು ಅಂದ್ರಾ?"

ಮಧ್ಯಾಹ್ನದ ಹೊತ್ತಿಗೆ ಠಾಣೆಯ ಮುಂದೆ ಒಂದು ತೆರೆದ ಲಾರಿ ನಿಂತಿತು. ಸೋದರಮಾವ ಕೋಲೂರಿ ಮೊದಲು ಇಳಿದ. ಕತೊಂಗೊ, ಕೈಗೆ ಹಿಟ್ಟು ಮೆತ್ತಿದ ಹೆಂಗಸರು, ಕಡೆಯಲ್ಲಿ ಅತ್ತೆ. ಲಾರಿಯ ಸದ್ದಿಗೇ ಚಿಲೆಕ್ವ ಬೆಂಚಿನ ಮೇಲೆ ಗೋಡೆಯ ಕಡೆ ತಿರುಗಿ ಕಂಬಳಿ ತಲೆಯ ಮೇಲೆ ಎಳೆದುಕೊಂಡಿದ್ದ. ಅತ್ತ ದರಿ, ಇತ್ತ ಪುಲಿ ಎಂಬ ಗಾದೆ ಅವನಿಗೆ ಗೊತ್ತಿರಲಿಲ್ಲ; ಆದರೆ ಅದರ ಮಧ್ಯದಲ್ಲಿ ಕಂಬಳಿ ಹೊದ್ದು ಕೂತವನು ಅವನೇ.

ಸೋದರಮಾವ ಯಾರನ್ನೂ ವಿಚಾರಿಸಲಿಲ್ಲ. "ನಾನು ಮೊದಲೇ ಹೇಳಿದ್ದೆ," ಎಂದು ಶುರುಮಾಡಿದ. "ಇನ್ನೊಂದು ವರ್ಷ ನೋಡೋಣ ಅಂದೆ. ಯಾರೂ ಕೇಳಲಿಲ್ಲ. ಲಾಕಪ್ಪಿನಲ್ಲಿ ಕೂತೋನನ್ನ ಯಾವ ಬಾಗಿಲಿಂದ ಒಳಗೆ ಕರೀಲಿ? ನಾಳೆ ಶಾಸ್ತ್ರ ಇಲ್ಲ. ಒಲೆ ಆರಿಸಿ."

ಕತೊಂಗೊ ಸೆರಗಿನಂತೆ ಹೊದ್ದ ಬಟ್ಟೆಯಿಂದ ಬಾಯಿ ಮುಚ್ಚಿಕೊಂಡಳು.

ಇನ್ಸ್‌ಪೆಕ್ಟರಮ್ಮ ಅತ್ತೆಗೆ ಕುರ್ಚಿ ಹಾಕಿಸಿದಳು. "ಅಮ್ಮಾ, ಇವನು ನಿಮ್ಮನ್ನ ಕದ್ದುಕೊಂಡು ಹೋಗಿದ್ನಾ?"

ಅತ್ತೆ ಗೋಡೆಯ ಕಡೆ ಮುಖ ಮಾಡಿದಳು. "ಗೋಡೆ, ನನ್ನನ್ನ ಯಾರೂ ಕದೀಲಿಲ್ಲ. ಕದಿಯೋ ವಯಸ್ಸಲ್ಲಿ ಯಾರೂ ಬರಲಿಲ್ಲ, ಈಗ ಯಾರು ಬರ್ತಾರೆ? ನನ್ನ ಮಗಳ ಗಂಡ ನನ್ನನ್ನ ಮನೆಗೆ ಬಿಟ್ಟದ್ದು."

ಕದ್ದ ಪ್ರಕರಣ ಅಲ್ಲಿಗೆ ಮುಗಿಯಿತು. ಚಿಲೆಕ್ವ ಕಂಬಳಿಯಂಚಿನಿಂದ ಒಂದು ಕಿವಿ ಹೊರಗೆ ಹಾಕಿದ.

"ಗಾಡಿ ವೇಗವಾಗಿ ಹೋಗ್ತಿದ್ದದ್ದು ನಿಜವಾ?"

"ದೇವರ ಮುಂದೆ ಸುಳ್ಳು ಹೇಳಬಾರದು ಗೋಡೆ. ಮರಗಳು ಹಿಂದಕ್ಕೆ ಓಡ್ತಿದ್ದವು. ಆ ಮನುಷ್ಯನ ಮೈಯಲ್ಲಿ ಇಷ್ಟು ಜೀವ ಇದೆ ಅಂತ ನನಗೆ ಗೊತ್ತಾದದ್ದೇ ಅವತ್ತು."

ಕಿವಿ ಒಳಗೆ ಹೋಯಿತು.

ಅಷ್ಟರಲ್ಲಿ ಮಸೇಕೊ ರಸ್ತೆಯ ಕೆಲಸ ಮುಗಿಸಿ ಬಂದ. ಲಾರಿ ನೋಡಿದ, ಹೆಂಗಸರನ್ನು ನೋಡಿದ, ಕಂಬಳಿ ನೋಡಿದ, ಕೊನೆಗೆ ತಟ್ಟೆ ನೋಡಿದ. ಆ ಮರದ ಮುಖದಲ್ಲಿ ಮೊದಲ ಸಲ ಒಂದು ಬಿರುಕು ಬಿಟ್ಟಿತು. "ನನಗಾ ತಂದದ್ದು? ಗುಲಾಮನಿಗೆ ಬುದ್ಧಿ ಬಂತಲ್ಲ." ಆಮೇಲೆ ಇನ್ಸ್‌ಪೆಕ್ಟರಮ್ಮನ ಮುಖ ನೋಡಿ ಬಿರುಕು ಮುಚ್ಚಿಕೊಂಡ. ಎಂಗೋನಿ, ಬೆಂಬಾ, ಅಜ್ಜ, ಚಾಪೆ, ಎಲ್ಲ ವಿವರಿಸಿದ.

"ಅಂದ್ರೆ ಇದು ನಂಟರ ತಮಾಷೆ," ಎಂದಳು ಅವಳು.

"ಹೌದು ಮೇಡಂ."

"ಹಾಗಾದ್ರೆ ತಿನ್ನಿ."

ಮಸೇಕೊನ ಕೈ ತಟ್ಟೆಯವರೆಗೂ ಹೋಗಿ ನಿಂತಿತು. "ದಂಡ ಹಾಕಿದೋನ ಕೈಯಿಂದ ಡ್ಯೂಟೀಲಿ ತಿಂದ್ರೆ ಲಂಚ ಆಗುತ್ತೆ ಮೇಡಂ."

"ತಿನ್ನದಿದ್ರೆ?"

"ತಂದದ್ದನ್ನ ಯಾರೂ ಮುಟ್ಟಲಿಲ್ಲ ಅಂದ್ರೆ ಅದು ಊಟ ಅಲ್ಲ, ಸತ್ತ ಇಲಿ," ಎಂದ ಪೇದೆ. "ಪೊಲೀಸರ ಮೇಜಿನ ಮೇಲೆ ಸತ್ತ ಇಲಿ ಇಟ್ರೆ ಅವಮಾನ."

ಇಡೀ ಠಾಣೆ ತಟ್ಟೆಯನ್ನು ನೋಡುತ್ತ ನಿಂತಿತು. ತಿಂದರೆ ಒಂದು ಕೇಸು, ಬಿಟ್ಟರೆ ಇನ್ನೊಂದು. ಕಾನೂನಿನಲ್ಲಿ ಇಲಿಗೆ ಇಷ್ಟು ದೊಡ್ಡ ಜಾಗ ಇದೆಯೆಂದು ಅವತ್ತಿನವರೆಗೆ ಯಾರಿಗೂ ತಿಳಿದಿರಲಿಲ್ಲ. ನೊಣವೊಂದು ಬಂದು ತಟ್ಟೆಯ ಅಂಚಿನಲ್ಲಿ ಕೂತಿತು; ಪೇದೆ ಅದನ್ನು ಎಚ್ಚರಿಕೆಯಿಂದ ಓಡಿಸಿದ.

ಅತ್ತೆ ಎದ್ದಳು. ಮಂಡಿ ಹಿಡಿದುಕೊಂಡು ಮೇಜಿನ ಹತ್ತಿರ ಹೋಗಿ ತಟ್ಟೆ ಎತ್ತಿಕೊಂಡಳು. "ಇದನ್ನ ನಾನು ತಿನ್ನಬಹುದಾ ಮಗಳೇ? ನಾನು ಪೊಲೀಸಲ್ಲ."

ಇನ್ಸ್‌ಪೆಕ್ಟರಮ್ಮ ಯೋಚಿಸಿದಳು. ತಡೆಯುವ ಕಾನೂನು ಅವಳಿಗೆ ನೆನಪಾಗಲಿಲ್ಲ.

"ಅಕ್ಕಾ, ಬೆಂಬಾದೋರು ಇಲಿ ತಿನ್ನೋದಾ?" ಎಂದ ಸೋದರಮಾವ.

"ನಿನಗೆ ಕಣ್ಣು ಕಾಣಲ್ವಲ್ಲ, ಆಚೆ ನೋಡು."

ಅತ್ತೆ ಬೆಂಚಿನ ಒಂದು ತುದಿಯಲ್ಲಿ ಕೂತಳು. ಇನ್ನೊಂದು ತುದಿಯಲ್ಲಿ ಕಂಬಳಿ. ಮಧ್ಯದಲ್ಲಿ ತಟ್ಟೆ ಇಟ್ಟಳು. ಒಂದು ಇಲಿ ಎತ್ತಿ ಎರಡಾಗಿ ಮುರಿದಳು. ಗೋಡೆಗಲ್ಲ, ಮೇಜಿಗಲ್ಲ, ನೇರವಾಗಿ ಕಂಬಳಿಯ ಕಡೆ ತಿರುಗಿ ಹೇಳಿದಳು:

"ಅಳಿಯಂದ್ರೇ, ಕೈ ತೊಳ್ಕೊಳ್ಳಿ."

ಕತೊಂಗೊ ಠಾಣೆಯ ನೆಲದ ಮೇಲೆ ಕೂತುಬಿಟ್ಟಳು. ಕೈಗೆ ಹಿಟ್ಟು ಮೆತ್ತಿದ ಹೆಂಗಸೊಬ್ಬಳು ನೀರು ತಂದಳು. ಕಂಬಳಿ ನಿಧಾನವಾಗಿ ಕೆಳಗಿಳಿಯಿತು. ಚಿಲೆಕ್ವ ಮೊಣಕೈವರೆಗೂ ಎರಡೆರಡು ಸಲ ಕೈ ತೊಳೆದ. ಇಲಿಯ ಅರ್ಧ ಅವನ ಅಂಗೈಗೆ ಬಂತು. ಬಾಲದ ಕಡೆಯ ಅರ್ಧ. ಅವನು ಮುಖ ಎತ್ತಿದ. ಮದುವೆಯಾದಂದಿನಿಂದ ತಾನು ಹುಲ್ಲಿಗೆ ಇಳಿದು ತಪ್ಪಿಸಿಕೊಂಡ ಮುಖ. ಅಷ್ಟು ದೊಡ್ಡದೇನೂ ಇರಲಿಲ್ಲ. ಸುಕ್ಕುಗಟ್ಟಿದ ಸಣ್ಣ ಮುಖ, ಕಣ್ಣು ಥೇಟು ಕತೊಂಗೊಳದ್ದೇ, ಮೇಲಿನ ಸಾಲಿನಲ್ಲಿ ಹಲ್ಲಿಲ್ಲ.

"ಮೂಳೆ ಗಟ್ಟಿ ಇದೆ," ಎಂದಳು ಅತ್ತೆ ಅಗಿಯಲು ಹೆಣಗುತ್ತ. "ನೀವು ತಿನ್ನಿ, ನಿಮಗೆ ಹಲ್ಲಿದೆ."

ಚಿಲೆಕ್ವ ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡ.

"ಅಕ್ಕಾ, ಶಾಸ್ತ್ರ ನಾಳೆ ಅಲ್ವಾ," ಎಂದು ಸೋದರಮಾವ ಕೋಲು ಕುಟ್ಟಿದ. "ಅಡುಗೆ ಆಗ್ಬೇಕು, ನಾನು ಒಳಗೆ ಕರೀಬೇಕು, ಆಮೇಲೆ ತಾನೆ..."

"ಅವರು ಆಗಲೇ ಒಳಗಿದ್ದಾರೆ. ನೀನು ಹೊರಗಿರೋದು. ಬಂದು ಕೂತ್ಕೋ, ಇನ್ನೊಂದು ಇಲಿ ಇದೆ."

ಮಸೇಕೊ ಟೋಪಿ ತೆಗೆದು ಆಚೆ ತಿರುಗಿ ನಿಂತ. ಅವನ ಭುಜ ಕುಲುಕುತ್ತಿದ್ದುದು ನಗುವಿನಿಂದಲೋ ಬೇರೆ ಯಾವುದರಿಂದಲೋ ಹಿಂದಿನಿಂದ ಹೇಳುವುದು ಕಷ್ಟ. ಆ ಇನ್ನೊಂದು ಇಲಿಯೂ ಮುಗಿದ ಮೇಲೆ ಪೇದೆ ಖಾಲಿ ತಟ್ಟೆಯನ್ನು ನೋಡಿ, "ಮೇಡಂ, ಸಾಕ್ಷ್ಯ ಮುಗೀತು," ಎಂದು ವರದಿ ಮಾಡಿದ.

ಉಳಿದದ್ದು ವೇಗದ ತಪ್ಪು. ಚಿಲೆಕ್ವ ಎದ್ದು ಹೋಗಿ, ಅದನ್ನು ಒಪ್ಪಿಕೊಂಡು, ದಂಡ ಕಟ್ಟಿದ. ಒಪ್ಪಿಕೊಳ್ಳುವಾಗ ಅವನ ದನಿ ನಡುಗಲಿಲ್ಲ. ಮನೆಯವನಾದವನು ತಪ್ಪು ಮಾಡಿದರೂ ಮನೆಯವನೇ ಎಂಬ ಸಣ್ಣ ಸಂಗತಿ ಇಷ್ಟು ವರ್ಷ ಅವನಿಗೆ ಯಾರೂ ಹೇಳಿರಲಿಲ್ಲ. ಕತೊಂಗೊ ಕಣ್ಣೊರೆಸಿಕೊಂಡು ಕಂಬಳಿ ಮಡಚಿದಳು. ಭಯವೆಲ್ಲ ಮೈಯಿಂದ ಇಳಿದುಹೋದಂತೆ, ಹಗುರವಾಗಿ, ಚಿಲೆಕ್ವ ಬಾಗಿಲ ಕಡೆ ತಿರುಗಿದ.

ಬಾಗಿಲಲ್ಲಿ ಅತ್ತೆ ಕಾಯುತ್ತಿದ್ದಳು.

"ಅಳಿಯಂದ್ರೇ, ಇನ್ನು ಮಾತಾಡಬಹುದಲ್ಲ. ಬನ್ನಿ, ನಾನು ಗಾಡೀಲಿ ಮುಂದೆ ಕೂತ್ಕೋತೀನಿ. ಮದುವೆ ದಿನ ನೀವು ಹಾಕ್ಕೊಂಡಿದ್ದ ಕೋಟಿನ ವಿಷಯದಿಂದ ಶುರುಮಾಡ್ತೀನಿ. ಆಮೇಲೆ ಕಲುಬ ಹುಟ್ಟಿದಾಗ ಕಳಿಸಿದಿರಲ್ಲ, ಆ ಬಡಕಲು ಮೇಕೆ. ಆಮೇಲೆ ನಮ್ಮ ಸೂರು ಸೋರ್ತಿದ್ದ ವರ್ಷ. ಒಂದೊಂದೂ ನೆನಪಿಟ್ಟಿದ್ದೀನಿ."

ಚಿಲೆಕ್ವನ ಕಾಲು ನಿಂತಲ್ಲೇ ನಿಂತಿತು. ಅವನು ಮೆಲ್ಲಗೆ ಹಿಂದಕ್ಕೆ ಸರಿದು ಮೇಜಿಗೆ ಬಗ್ಗಿ, ದನಿ ತಗ್ಗಿಸಿ ಕೇಳಿದ.

"ಅಮ್ಮಾ, ಆ ಬೆಂಚಿನ ಮೇಲೆ ಇನ್ನೊಂದೆರಡು ದಿನ ಕೂರಬಹುದಾ?"

ಇನ್ಸ್‌ಪೆಕ್ಟರಮ್ಮ ಸಿಟಾಲಿ ಚಿಸಾಲೆಗೆ ಬಂದ ಮೇಲೆ ಮೊದಲ ಸಲ ನಕ್ಕಳು.

"ಹೋಗಿ," ಎಂದಳು. "ಅದಕ್ಕೆ ಜಾಮೀನಿಲ್ಲ."